ತಿಂಡಿ, ಕಡಿತ ಮತ್ತು ಕೃತಕ ಬುದ್ಧಿ

ನನಗೊಂದು ಕೆಟ್ಟ ಅಭ್ಯಾಸವಿದೆ. ನನ್ನನ್ನು ಹೊಗಳಿ ಬರೆದ ಸಾಲಿನಲ್ಲಿ ಕಾಗುಣಿತದ ತಪ್ಪು ಬಿಟ್ಟರೆ ಬೇರೆ ಯಾವ ತಪ್ಪೂ ನನಗೆ ಕಾಣಿಸುವುದಿಲ್ಲ. ಹೋದ ತಿಂಗಳು ಅಂಥದೊಂದು ಸಾಲು ನನ್ನ ಮೇಜಿಗೆ ಬಂತು. ನಾಲ್ಕು ಸಲ ಓದಿದೆ, ಒಂದು ಅಲ್ಪವಿರಾಮ ಸೇರಿಸಿದೆ, ಚೆನ್ನಾಗಿದೆ ಎಂದು ತಲೆಯಾಡಿಸಿದೆ.

ನಾನು ಪುಣೆಯಲ್ಲಿ, ಭೋಸರಿ ಕಡೆಯ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುವವಳು. ಅಪರೂಪದ ರೋಗಿಯೊಬ್ಬರು ಸಿಕ್ಕರೆ ವೈದ್ಯಕೀಯ ಪತ್ರಿಕೆಗೆ ವರದಿ ಬರೆಯುವ ಚಪಲ ನಮ್ಮ ಕಸುಬಿನವರಿಗೆಲ್ಲ ಇದೆ. ಆ ವರದಿಗಳ ಭಾಷೆಯೇ ಒಂದು ಸೊಗಸು. ಅಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ಗಡ್ಡೆ ಕಂಡುಬರುತ್ತದೆ, ಹೊಟ್ಟೆ ತೆರೆಯಲ್ಪಡುತ್ತದೆ, ತಡವಾದರೆ ವಿಳಂಬ ತಾನಾಗಿ ಉಂಟಾಗುತ್ತದೆ. ಕರ್ಮಣಿ ಪ್ರಯೋಗ ಕನ್ನಡದ ಬಾಯಿಗೆ ಒಗ್ಗುವುದಿಲ್ಲ ಎಂದು ಕುಂದಾಪುರದ ಶಾಲೆಯಲ್ಲಿ ನಮ್ಮ ಮಾಷ್ಟ್ರು ಹೇಳುತ್ತಿದ್ದರು. ಡಾಕ್ಟರುಗಳ ಬಾಯಿಗೆ ಅದು ಎಷ್ಟು ಚೆನ್ನಾಗಿ ಒಗ್ಗುತ್ತದೆಂದು ಪಾಪ ಅವರಿಗೆ ಗೊತ್ತಿರಲಿಲ್ಲ.

ಈಗ ಆ ಸುಖಕ್ಕೂ ಕಲ್ಲು ಬಿದ್ದಿದೆ. ಚಿಕಿತ್ಸೆಯಲ್ಲಿ ಕೃತಕ ಬುದ್ಧಿಮತ್ತೆಯನ್ನು ಬಳಸಿದ್ದರೆ ವರದಿಯಲ್ಲಿ ಬಿಚ್ಚಿ ಹೇಳಬೇಕಂತೆ. ಯಾವ ಯಂತ್ರ, ಯಾತಕ್ಕೆ ಬಳಸಿದಿರಿ, ಅದು ಹೇಳಿದ್ದನ್ನು ಯಾರು ಪರೀಕ್ಷಿಸಿದರು, ಎಲ್ಲಿ ತಪ್ಪಿತು, ರೋಗಿಗೆ ತಿಳಿಸಿದಿರಾ? ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ. ಆದರೂ ನಿಯಮ ನ್ಯಾಯವಾದದ್ದೇ ಎಂದು ನಾನು ಸಭೆಯೊಂದರಲ್ಲಿ ಭಾಷಣ ಬೇರೆ ಮಾಡಿದ್ದೆ. ಯಂತ್ರದ ತಪ್ಪನ್ನು ಬರೆಯುವುದು ನಿಜಕ್ಕೂ ಸುಲಭ, ಅದು ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮ ಅಪರೂಪದ ರೋಗಿ ಶರಣಪ್ಪ. ಯಾದಗಿರಿ ಕಡೆಯವನು, ಭೋಸರಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಒಂದು ಬೆಳಿಗ್ಗೆ ಹೆಂಡತಿ ಶಾಂತಮ್ಮನ ಜೊತೆ ಬಂದು ನನ್ನೆದುರು ಬಾಗಿ ಕೂತ. "ಹೊಟ್ಟಿ ಕಡೀಲಾಕತ್ತದ್ರಿ, ಮೂರ್ ದಿನ ಆತು" ಎಂದ. ಮಾತು ಕೇಳಿ ಇಂಗ್ಲಿಷಿನಲ್ಲಿ ಬರೆದುಕೊಳ್ಳುವ ಯಂತ್ರವೊಂದು ನನ್ನ ಮೇಜಿನ ಮೇಲಿದೆ. ಅದು ಪರದೆಯ ಮೇಲೆ ಬರೆಯಿತು: ಹೊಟ್ಟೆಯ ಮೇಲೆ ತುರಿಕೆ, ಮೂರು ದಿನದಿಂದ. ಅಂಗಿ ಎತ್ತಿಸಿ ನೋಡಿದರೆ ಕೆಂಪು ಕಲೆಯೂ ಇತ್ತು. ಅದು ಬಿಸಿ ಇಟ್ಟಿಗೆಯಿಂದ ಶಾಖ ಕೊಟ್ಟ ಗುರುತು ಎಂದು ತಿಳಿದದ್ದು ಆಮೇಲೆ. ಚರ್ಮದ ವಿಭಾಗಕ್ಕೆ ಹೋಗಿ ಎಂದು ಚೀಟಿ ಬರೆಯತೊಡಗಿದೆ. ಹೊಟ್ಟೆಯ ಮೇಲೆ ಕೈ ಇಡಲಿಲ್ಲ. ಅವನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ, ನೋಡುತ್ತಿದ್ದದ್ದು ಪರದೆಯನ್ನು.

ಶಾಂತಮ್ಮನ ಮುಖ ಮಾತ್ರ ಬಾಡಿದ್ದು ಕಾಣಿಸಿತು. ನನ್ನ ಅಪ್ಪ ಇದೇ ಪುಣೆಯ ಧನಕವಡಿಯಲ್ಲಿ ಹೋಟೆಲು ನಡೆಸಿದವರು. ತಿಂಡಿ ಎಂಬ ಶಬ್ದದಿಂದಲೇ ನಮ್ಮ ಮನೆಯ ಅನ್ನ ಬೆಂದದ್ದು. ಹಸಿದವರನ್ನು ಕಂಡರೆ ಆ ಮಾತು ತಾನಾಗಿ ಬಾಯಿಗೆ ಬರುತ್ತದೆ. ಬರೆಯುತ್ತಲೇ ಕೇಳಿದೆ, "ತಿಂಡಿ ಆಯ್ತಾ?"

ಶಾಂತಮ್ಮ ರೇಗಿಬಿಟ್ಟಳು. "ತಿಂಡಿ ಎಲ್ಲೀದ್ರಿ ಬಾಯಾರ! ಆಗಿಂದ ಹೇಳ್ಲಾಕತ್ತೀವಿ, ಕಡಿತದ ಅಂತ. ತಿಂಡಿ ಆಗಿದ್ರ ಮನ್ಯಾಗ ಕುಂತು ಕೆರಕೋತಿದ್ದ, ಇಲ್ಲಿತನ ಯಾಕ ಬರ್ತಿದ್ದ? ಒಳಗ ಕಡಿತದ್ರಿ, ನೆಟ್ಟಗ ನಿಂದ್ರಲಾಕ ಬರವಲ್ದು!"

ಪೆನ್ನು ಕೆಳಗಿಟ್ಟೆ. ಅವರ ಸೀಮೆಯಲ್ಲಿ ತಿಂಡಿ ಎಂದರೆ ತುರಿಕೆ, ಹೊಟ್ಟೆ ಕಡಿಯುವುದೆಂದರೆ ನೋವು. ನಮ್ಮ ಕಡೆ ತಿಂಡಿ ಎಂದರೆ ಇಡ್ಲಿ, ಕಡಿತ ಎಂದರೆ ತುರಿಕೆ. ಇಷ್ಟು ವರ್ಷ ಈ ಊರಿನಲ್ಲಿ ಕನ್ನಡದ ರೋಗಿಗಳನ್ನು ನೋಡಿದ್ದೇನೆ ಎಂದು ಮೆರೆದವಳು ನಾನು. ಕರಾವಳಿಯವರದು ಪುಸ್ತಕದ ಕನ್ನಡ ಎಂದು ಜನ ಚೇಷ್ಟೆ ಮಾಡುತ್ತಾರೆ. ಯಂತ್ರವೂ ಓದಿದ್ದು ಅದೇ ಪುಸ್ತಕವನ್ನು ಎಂದು ಕಾಣುತ್ತದೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಫೇಲಾಗಿದ್ದೆವು.

ಕೈ ಇಟ್ಟೆ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು. ಬಲಗಡೆ ಇರಬೇಕಾದ ಅಪೆಂಡಿಕ್ಸು ಅವನಿಗೆ ಹುಟ್ಟಿನಿಂದಲೇ ಎಡಗಡೆ ಇತ್ತು, ಒಡೆಯುವುದರಲ್ಲಿತ್ತು. ಮಧ್ಯಾಹ್ನದೊಳಗೆ ತೆಗೆದೆವು. ಚರ್ಮದ ವಿಭಾಗದ ಸಾಲಿನಲ್ಲಿ ಅವನು ಮುಲಾಮಿಗಾಗಿ ಕಾಯುತ್ತ ಕೂತಿದ್ದರೆ ಅದು ಅಲ್ಲೇ ಒಡೆದುಹೋಗುತ್ತಿತ್ತು.

ವರದಿಯ ಕರಡು ಬರೆದವಳು ನನ್ನ ಕಿರಿಯ ಸಹೋದ್ಯೋಗಿ ಡಾಕ್ಟರ್ ಮಾನಸಿ. ನನ್ನನ್ನು ಹೊಗಳಿದ ಆ ಸಾಲು ಅವಳದೇ: "ಯಂತ್ರವು ನೋವನ್ನು ತುರಿಕೆ ಎಂದು ತಪ್ಪಾಗಿ ದಾಖಲಿಸಿತು, ಕನ್ನಡ ಬಲ್ಲ ಹಿರಿಯ ಶಸ್ತ್ರವೈದ್ಯರು, ಅದನ್ನು ಸಕಾಲದಲ್ಲಿ ಗುರುತಿಸಿದರು." ಅಲ್ಪವಿರಾಮ ನನ್ನದು. ನಾನು ಕೊಂಚ ಹಿಂಜರಿದಾಗ ಅವಳು, "ಮ್ಯಾಡಮ್, ಹೇ ಖರಂಚ್ ಆಹೆ ನಾ?" ಎಂದಳು. ನಿಜವೇ ಅಲ್ಲವೇ ಎಂದು. ನಿಜವೇ. ಗುರುತಿಸಿದ್ದು ನಾನೇ, ಶಾಂತಮ್ಮ ಬೈದ ಮೇಲೆ.

ಆದರೆ ರೋಗಿಗೆ ತಿಳಿಸಿ ಸಹಿ ಪಡೆಯಬೇಕೆಂಬ ನಿಯಮವೂ ಇತ್ತಲ್ಲ. ಗಾಯ ತೋರಿಸಲು ಬಂದಾಗ ಇಬ್ಬರನ್ನೂ ಕೂರಿಸಿಕೊಂಡು ವರದಿಯನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಯಂತ್ರ ತಪ್ಪು ಕೇಳಿಸಿಕೊಂಡಿತು ಎಂದಾಗ ಶರಣಪ್ಪ ದೊಡ್ಡ ಮನಸ್ಸಿನಿಂದ ನಕ್ಕ. "ಇರ್ಲಿ ಬಿಡ್ರಿ, ಅದಕ್ಕೇನ್ ಗೊತ್ತಾಗ್ತದ, ಹೊಟ್ಟಿ ಇಲ್ಲ ಏನಿಲ್ಲ" ಎಂದ. ನಾನು ಮುಂದಿನ ಸಾಲು ಓದಿದೆ. ಕನ್ನಡ ಬಲ್ಲ ಹಿರಿಯ ಡಾಕ್ಟರು ಗುರುತಿಸಿದರು.

ಶಾಂತಮ್ಮ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಯಾರ್ರಿ ಅವ್ರು? ಅವತ್ತ ನಾ ನೋಡಲಿಲ್ಲಲ್ಲ?"

ಅವಳಿಗೆ ಕೊಂಕು ಗೊತ್ತಿಲ್ಲ. ಗಂಡನನ್ನು ಕಾಪಾಡಿದವರಿಗೊಂದು ನಮಸ್ಕಾರ ಹೇಳಬೇಕಿತ್ತು ಎನ್ನುವ ಹಾಗೆ ಬಾಗಿಲ ಕಡೆ ನೋಡಿದಳು. ನನಗೆ ನಾಚಿಕೆಯಾಯಿತು. ಪೆನ್ನು ತೆಗೆದು ಆ ಸಾಲನ್ನು ಅಲ್ಪವಿರಾಮದ ಸಮೇತ ಹೊಡೆದುಹಾಕಿದೆ. ಪಕ್ಕದಲ್ಲಿ ಹೊಸದಾಗಿ ಬರೆದು ಅವರಿಗೆ ಓದಿ ಹೇಳಿದೆ: "ಯಂತ್ರ ತಪ್ಪಾಗಿ ಬರೆಯಿತು. ಡಾಕ್ಟರೂ ಹಾಗೆಯೇ ತಪ್ಪಾಗಿ ತಿಳಿದರು. ಇಬ್ಬರನ್ನೂ ತಿದ್ದಿದವರು ರೋಗಿಯ ಹೆಂಡತಿ." ವರದಿಯಲ್ಲಿ ರೋಗಿಯ ಮನೆಯವರ ಹೆಸರು ಹಾಕುವಂತಿಲ್ಲ ಎಂದು ವಿವರಿಸಿದಾಗ ಶಾಂತಮ್ಮ ಸೆರಗು ಸರಿಮಾಡಿಕೊಂಡು, "ಹೆಸರ್ ಯಾಕ್ರಿ, ಹೆಂಡ್ತಿ ಅಂದ್ರ ನಾನೇ ಅಲ್ಲೇನು" ಎಂದಳು. ಶರಣಪ್ಪ ಸಹಿ ಮಾಡಿದ.

ಹೊರಟವಳು ಬಾಗಿಲಲ್ಲಿ ತಿರುಗಿದಳು. ನನ್ನ ಪುಸ್ತಕದ ಕನ್ನಡವನ್ನೇ ಅಕ್ಷರ ಅಕ್ಷರ ಅಣಕಿಸುತ್ತ ಕೇಳಿದಳು, "ಡಾಕ್ಟರೇ, ತಿಂಡಿ ಆಯ್ತಾ?"

ನಾನು ಅವಳ ಕನ್ನಡದಲ್ಲೇ ಉತ್ತರ ಕೊಟ್ಟೆ. "ನಾಷ್ಟಾ ಮುಂಜಾನೆನೇ ಆತ್ರಿ. ಹೊಗಳಿಸಿಕೊಳ್ಳೋ ತಿಂಡಿ ಮಾತ್ರ ಈಗ ಹೋತು ನೋಡ್ರಿ."