ಷಡ್ಡಕನ ಕೈಗುಣ

ಮನೆಯಲ್ಲೇ ಲೇಸರ್ ಮಾಡುತ್ತೇನೆಂದು ನಾನು ಹೊರಟಾಗ, ನನ್ನ ಷಡ್ಡಕನಿಗೆ ಲೇಸರ್ ಎಂದರೆ ಮಕ್ಕಳು ಗೋಡೆಗೆ ಬಿಟ್ಟು ಆಡುವ ಕೆಂಪು ಚುಕ್ಕೆ, ಅಷ್ಟೇ. ಹೆಂಡತಿಯ ತಂಗಿಯ ಗಂಡ ಅವನು, ನನಗಿಂತ ಚಿಕ್ಕವನು, ಕುಮಾರಸ್ವಾಮಿ ಲೇಔಟಿನಲ್ಲಿ ಮನೆ. ಒಂದು ಭಾನುವಾರ ಇಟ್ಟಮಡುವಿನ ನಮ್ಮ ಮನೆಗೆ ಊಟಕ್ಕೆ ಬಂದವನನ್ನು ಮಹಡಿಯ ಶೀಟಿನ ಕೋಣೆಗೆ ಕರೆದೊಯ್ದು ಎಲ್ಲವನ್ನೂ ಹೇಳಿಕೊಟ್ಟವನು ನಾನೇ. ನನಗೆ ಬೇರೆ ಕೆಲಸವಿರಲಿಲ್ಲ ನೋಡಿ!

ಎರಡು ಅಲ್ಯೂಮಿನಿಯಂ ಪಟ್ಟಿಗಳನ್ನು ಎದುರುಬದುರಾಗಿ ಇಡಬೇಕು, ನಡುವೆ ಸಣ್ಣ ಸಂದು. ಹೈ ವೋಲ್ಟೇಜ್ ಕೊಟ್ಟರೆ ಸಂದಿನ ಉದ್ದಕ್ಕೂ ಒಂದೇ ಸಮನೆ ನೇರಳೆ ಬೆಳಕು ಹರಿಯಬೇಕು. ಆಗ ತುದಿಯಿಂದ ಕಣ್ಣಿಗೆ ಕಾಣದ ಕಿರಣ ಹೊರಡುತ್ತದೆ; ಎದುರಿಗೆ ಬಿಳಿ ಕಾಗದ ಹಿಡಿದರೆ ಅದರ ಮೇಲೆ ನೀಲಿ ಚುಕ್ಕೆ ಬೀಳುತ್ತದೆ. ನನ್ನ ಕೈಯಿಂದ ಆ ಚುಕ್ಕೆ ಬೀಳಬೇಕು, ನನಗೆ ಬೇಕಾಗಿದ್ದು ಅಷ್ಟೇ. ಪಟ್ಟಿಗಳ ಕೆಳಗಿನ ಪ್ಲಾಸ್ಟಿಕ್ ಹಾಳೆ ಸುಟ್ಟು ತೂತಾಗುತ್ತಿತ್ತು. ಮಳೆ ಹಿಡಿದರೆ ಕಿಡಿಯೇ ಹಾರುತ್ತಿರಲಿಲ್ಲ. ಎಮರಿ ಪೇಪರಿನಲ್ಲಿ ಪಟ್ಟಿ ಉಜ್ಜಿ ಉಜ್ಜಿ ಬೆರಳಿನ ಚರ್ಮ ಹೋಯಿತೇ ಹೊರತು ಚುಕ್ಕೆ ಬೀಳಲಿಲ್ಲ.

ದಸರೆಗೆ ಮುಂಚೆ ಫ್ಯಾಮಿಲಿ ಗ್ರೂಪಿನಲ್ಲಿ ಷಡ್ಡಕನ ವಿಡಿಯೋ ಬಂತು. ಬಿಳಿ ಕಾಗದ, ನೀಲಿ ಚುಕ್ಕೆ. ಹನುಮಂತನಗರದ ನಮ್ಮ ಅತ್ತೆ ಕೆಳಗೆ ಸಾಲು ಸಾಲು ಚಪ್ಪಾಳೆ ಹಾಕಿದ್ದರು. ನಾನೂ ಒಂದು ಹೆಬ್ಬೆರಳು ಒತ್ತಿದೆ. ನನ್ನ ಹೊಟ್ಟೆ ಹೇಗೆ ಉರಿಯಿತು ಅಂತೀರಿ! ಅದೂ ಸಾಲದೆಂದು ಅವನೇ ಫೋನ್ ಮಾಡಿ, “ಎಲ್ಲಾ ನಿಮ್ಮಿಂದಾನೇ ಕಲ್ತಿದ್ದು ಅಣ್ಣ,” ಎಂದ. ಜಂಬ ಕೊಚ್ಚಿದ್ದರೆ ಬೈದುಕೊಂಡಾದರೂ ಸುಮ್ಮನಿರುತ್ತಿದ್ದೆ. ಈ ಒಳ್ಳೆಯತನವನ್ನು ಏನು ಮಾಡುವುದು?

ಆಯುಧಪೂಜೆಯ ದಿನ ಪಟ್ಟಿಗಳಿಗೆ ವಿಭೂತಿ, ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ನಿಂಬೆಹಣ್ಣು ಕುಯ್ದೆ.

“ಇದಕ್ಕೂ ಪೂಜೇನಾ?” ಎಂದಳು ಹೆಂಡತಿ.

“ಸ್ಕೂಟರ್‌ಗೆ ಮಾಡಲ್ವಾ? ಸುಮ್ನಿರೇ!”

ಮಾರನೆಯ ದಿನದಿಂದ ಹೊಸ ರಗಳೆ. ಕಿಡಿಗಳೆಲ್ಲ ಸಂದಿನ ಒಂದೇ ಕಡೆ ಚಟಪಟ ಎನ್ನತೊಡಗಿದವು. ಹಾಳೆ ಬದಲಿಸಿದೆ, ವೈರು ಬದಲಿಸಿದೆ. ಊಹೂಂ.

ದೀಪಾವಳಿಗೆ ಷಡ್ಡಕ ಹೆಂಡತಿಯೊಂದಿಗೆ ಬಂದ. ನೇರ ಮಹಡಿ ಹತ್ತಿ, ಬಗ್ಗಿ ನೋಡಿ, “ಅಣ್ಣ, ಅಂಚಲ್ಲಿ ಕುಂಕುಮ ಮೆತ್ಕೊಂಡಿದೆ. ಕಿಡಿ ಎಲ್ಲಾ ಅಲ್ಲೇ ಎಗರ್ತಿದೆ,” ಎಂದ.

“ಪೂಜೆ ಕುಂಕುಮ ಕಣೋ. ನಾವಾಗಿ ಒರೆಸ್ಬಾರ್ದು, ತಾನಾಗೇ ಉದುರ್ಬೇಕು.”

“ನಾನು ಕೆಳಗಿನ ಹಲಗೆಗೆ ಹಚ್ದೆ ಅಣ್ಣ.”

ಹಲಗೆಗೆ! ನನಗ್ಯಾಕೆ ಹೊಳೆಯಲಿಲ್ಲ? ಅವನು ಕರೆಂಟ್ ಕಿತ್ತು, ಪಟ್ಟಿ ಬಿಚ್ಚಿ, ಹತ್ತಿಯಲ್ಲಿ ಒರೆಸಿ, ಸಂದನ್ನು ಮತ್ತೆ ಹೊಂದಿಸತೊಡಗಿದ. ನನ್ನ ಸಾಮಾನಿನ ಮೇಲೆ ಅವನ ಬೆರಳು ಆಡುವುದನ್ನು ನೋಡಲಾಗದೆ, ಕಾಫಿ ತರುತ್ತೇನೆಂದು ಕೆಳಗಿಳಿದೆ. ಲೋಟ ಹಿಡಿದು ಮೆಟ್ಟಿಲು ಹತ್ತುವಾಗಲೇ ಮೇಲಿಂದ ಕೂಗು: “ಬಂತು ಅಣ್ಣ! ಬಂತು!”

ಹೆಂಗಸರಿಬ್ಬರೂ ನನ್ನನ್ನು ದಾಟಿಕೊಂಡು ಮೇಲೆ ಓಡಿದರು. ನಾನು ಒಳಗೆ ಹೋದಾಗ ಕಾಗದ ನನ್ನ ಹೆಂಡತಿಯ ಕೈಯಲ್ಲಿತ್ತು. ಅದರ ಮೇಲೆ ಚುಕ್ಕೆ. ಎಲ್ಲರೂ ನೋಡಿ ಆದಮೇಲೆ ನಾನು ನೋಡಿದೆ.

“ಸಖತ್ತಾಗಿದೆ ಅಣ್ಣ, ನಂದಕ್ಕಿಂತ ಬ್ರೈಟು,” ಎಂದ ಷಡ್ಡಕ.

“ಅವರ ಕೈಗುಣ ಕಣ್ರೀ,” ಎಂದಳು ನನ್ನ ಹೆಂಡತಿ, ಅವನತ್ತ ತೋರಿಸಿ ನನಗೆ.

ಅವರು ಹೋದ ಮೇಲೆ ಒಬ್ಬನೇ ಕೂತು ನೋಡಿದೆ. ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಪಟ್ಟಿ ನನ್ನದು, ಕೋಣೆ ನನ್ನದು, ಸಂದು ಮಾತ್ರ ಅವನು ಹೊಂದಿಸಿದ್ದು. ತಡೆಯಲಾಗಲಿಲ್ಲ. ಕರೆಂಟ್ ಕಿತ್ತು, ಎರಡೂ ಪಟ್ಟಿಗಳನ್ನು ಬಿಚ್ಚಿಬಿಟ್ಟೆ, ನಾನೇ ಮತ್ತೆ ಕೂರಿಸೋಣವೆಂದು.

ಆಮೇಲೆ ಚುಕ್ಕೆ ಬಿದ್ದಿಲ್ಲ. ದಿನಾ ಕೆಲಸ ಮುಗಿಸಿ ಬಂದು ಉಜ್ಜುತ್ತೇನೆ, ಕೂರಿಸುತ್ತೇನೆ, ಬಿಚ್ಚುತ್ತೇನೆ. ಷಡ್ಡಕ ಫೋನ್ ಮಾಡಿ, “ಹೇಗಿದೆ ಅಣ್ಣ?” ಎಂದು ವಿಚಾರಿಸುತ್ತಾನೆ. “ಸೂಪರಾಗಿ ಬರ್ತಿದೆ ಕಣೋ,” ಎನ್ನುತ್ತೇನೆ.

ನಿನ್ನೆ ಅವನಿಗೆ ಖುಷಿಯೋ ಖುಷಿ. “ಹಾಗಾದ್ರೆ ಈ ಭಾನುವಾರ ಅತ್ತೇನ ಕರ್ಕೊಂಡು ಬರ್ತೀನಿ ಅಣ್ಣ. ನಾನು ಮುಟ್ಟೋದೇ ಇಲ್ಲ. ನಿಮ್ಮ ಕೈಯಿಂದಾನೇ ತೋರ್ಸಿ.”

“ಆಯ್ತು, ಬಾ,” ಎಂದೆ.