ಏಕಾದಶಿ ಹಾಳೆಗೆ ಯಾವ ವ್ಯವಸ್ಥೆ ಒಳ್ಳೆಯದು

ಮನುಷ್ಯ ತನ್ನ ಮತವನ್ನು ವಿಚಾರ ಮಾಡಿ ಆರಿಸಿಕೊಳ್ಳುವುದಿಲ್ಲ. ಹುಟ್ಟಿದ ಮನೆಯಿಂದ ಪಡೆದು, ಕೊನೆಯವರೆಗೂ ಅದೇ ಶ್ರೇಷ್ಠವೆಂದು ವಾದಿಸುತ್ತಾನೆ. ನಾನು ಹೇಳುತ್ತಿರುವುದು ವಿಂಡೋಸಿನ ವಿಷಯ. ಹುಬ್ಬಳ್ಳಿಯ ಅಂಗಡಿಯವನು ಕಂಪ್ಯೂಟರಿನ ಜೊತೆಗೆ ಅದನ್ನೇ ಹಾಕಿ ಕೊಟ್ಟಿದ್ದ.

ಮಾಸ್ತರಿಕೆಯಿಂದ ನಿವೃತ್ತನಾಗಿ ಸವಣೂರಿನಲ್ಲಿ ನೆಲೆ ನಿಂತ ನನಗೆ ಉಳಿದಿರುವ ಅಧಿಕಾರ ಒಂದೇ. ಪ್ರತಿವರ್ಷ ಯುಗಾದಿಗೆ ಮೊದಲು ಸುತ್ತಲಿನ ನಮ್ಮ ವೈಷ್ಣವ ಮನೆಗಳಿಗೆ ಏಕಾದಶಿಗಳ ಹಾಳೆಯೊಂದನ್ನು ಟೈಪು ಮಾಡಿ, ಶಿಗ್ಗಾಂವದಲ್ಲಿ ಅಚ್ಚು ಹಾಕಿಸಿ ಹಂಚುವುದು. ಅಡುಗೆಮನೆಯ ಗೋಡೆಯ ಮೇಲಿನ ಆ ಹಾಳೆ ಉಪವಾಸವೆಂದರೆ ಉಪವಾಸ. ಹಬ್ಬ ದಾಟಿ ಬಂದರೆ ಅದನ್ನು ಕೇಳುವವರಿಲ್ಲ, ನನ್ನನ್ನೂ ಕೇಳುವವರಿಲ್ಲ.

ಕಂಪ್ಯೂಟರಿಗೆ ವಯಸ್ಸಾಗಿತ್ತು. ಗುಂಡಿ ಒತ್ತಿ, ಸ್ನಾನ ಸಂಧ್ಯಾವಂದನೆ ಮುಗಿಸಿ ಬಂದರೂ ತೆರೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಸುದ್ದಿ ಕೇಳಿ ಹಿರೇಕೆರೂರಿನಿಂದ ಗೆಳೆಯರೊಬ್ಬರು ಬಂದರು. ನಿವೃತ್ತ ಬ್ಯಾಂಕ್ ಅಧಿಕಾರಿ. ವಿಂಡೋಸಿಗೆ ಬದಲಾಗಿ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ವ್ಯವಸ್ಥೆಯ ದೀಕ್ಷೆ ಪಡೆದವರು.

"ಯಂತ್ರ ಸತ್ತಿಲ್ರಿ ಮಾಸ್ತರ, ಹೊರಿ ಹೆಚ್ಚಾಗೇದ. ಲಿನಕ್ಸ್ ಹಾಕೋಣು, ಹಗುರ ಆಗ್ತದ."

"ಕೆಟ್ಟರ?"

"ಕೆಟ್ಟರ ನಾ ಇದ್ದೇನಲ್ಲ."

"ಅದ ನನಗ ಚಿಂತಿ."

ಅವರು ವಿಂಡೋಸನ್ನು ತೆಗೆಯದೆ ಪಕ್ಕದಲ್ಲೇ ಲಿನಕ್ಸನ್ನು ಕೂಡಿಸಿದರು. ನೋಡುತ್ತ ನಿಂತಿದ್ದ ನನ್ನ ಹೆಂಡತಿ, "ಒಂದ ಮನ್ಯಾಗ ಎರಡು ಒಲಿ ಹೂಡಿದ್ರಿ. ಎಷ್ಟು ದಿವಸ ನಡೀತದ ನೋಡ್ತೇನಿ" ಎಂದಳು.

ನ್ಯಾಯವಾಗಿ ಹೇಳಬೇಕೆಂದರೆ, ಲಿನಕ್ಸ್ ನಾನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಎದ್ದು ನಿಲ್ಲುತ್ತಿತ್ತು. ಆದರೆ ನನ್ನ ಪ್ರಿಂಟರನ್ನು ಕರೆಯದೆ ಬಂದ ಬೀಗರನ್ನು ನೋಡಿದಂತೆ ನೋಡಿತು. ನನ್ನ ಬೆರಳುಗಳಿಗೆ ರೂಢಿಯಾದ ಹಳೆಯ ಕನ್ನಡ ಟೈಪಿಂಗ್ ವಿಂಡೋಸಿನಲ್ಲಿ ಮಾತ್ರ ಇತ್ತು. ಯೂನಿಕೋಡ್ ಎಂಬ ಹೊಸ ಕನ್ನಡ ಟೈಪಿಂಗಿನಲ್ಲಿ ತಡವರಿಸುತ್ತ ಹಾಳೆ ಮುಗಿಸಿದೆ. ಗೆಳೆಯರು ಅದನ್ನು ಪೆನ್‌ಡ್ರೈವಿಗೆ ಹಾಕಿ, ಇರಲಿ ಎಂದು ಒಂದು ಪಿಡಿಎಫ್ ಪ್ರತಿಯನ್ನೂ ಸೇರಿಸಿದರು. ಬಸ್ಸು ಹತ್ತಿ ಶಿಗ್ಗಾಂವಕ್ಕೆ ಹೋದೆ.

"ಏನ್ ತಂದೀರಿ ಮಾಸ್ತರ್ರ? ಬರೇ ಪ್ರಶ್ನಾರ್ಥಕ ಚಿಹ್ನಿ ಕಾಣಾಕತ್ತಾವ" ಎಂದ ಪ್ರೆಸ್ಸಿನವ. ಅವನ ಹಳೆಯ ತಂತ್ರಾಂಶಕ್ಕೆ ಹೊಸ ಕನ್ನಡ ಓದಲು ಬರುತ್ತಿರಲಿಲ್ಲ. "ಮೊದಲಿನ ಹಂಗ ಟೈಪ್ ಮಾಡಿ ತರ್ರಿ. ಇಲ್ಲಂದ್ರ ಈ ಪಿಡಿಎಫ್ ಐತಲ್ಲ, ಇದನ್ನ ಹೊಡೀತೇನಿ. ಆದ್ರ ಇಲ್ಲಿ ಕುಂತು ಒಂದಕ್ಷರ ತಿದ್ದಾಕ ಬರಂಗಿಲ್ಲ ನೋಡ್ರಿ."

ಇದು ಸಣ್ಣ ಮಾತಲ್ಲ. ಏಕಾದಶಿಗೆ ದಶಮಿಯ ಸೋಂಕು ತಗಲಿದರೆ ಉಪವಾಸ ಮರುದಿನಕ್ಕೆ ಹೋಗುತ್ತದೆ. ತಗಲಿತೋ ಇಲ್ಲವೋ ಎಂಬುದರಲ್ಲಿ ಹಿರಿಯರಿಗೆ ಒಮ್ಮತವಿಲ್ಲ. ಆದ್ದರಿಂದ ದಿನಗಳ ಪಟ್ಟಿಯನ್ನು ಮೊದಲೇ ಹಿರಿಯರಿಗೆ ಕಳಿಸಿ, ನಾನು ಪ್ರೆಸ್ಸಿನಲ್ಲೇ ಕುಳಿತು, ಫೋನು ಬಂದಂತೆಲ್ಲ ದಿನಗಳನ್ನು ಅತ್ತಿತ್ತ ಸರಿಸುವುದು ಪದ್ಧತಿ. ಕೊನೆಗೆ ಯಾರು ಫೋನು ಮಾಡಿದರೋ ಅವರದೇ ಶಾಸ್ತ್ರ. ಮರಳಿ ಹೋಗಿ ಟೈಪು ಮಾಡೋಣವೆಂದರೆ ಹಬ್ಬ ಎದುರಿಗೇ ಇತ್ತು.

ಅಷ್ಟರಲ್ಲಿ ಹಾನಗಲ್ಲಿನ ಹಿರಿಯರೊಬ್ಬರ ಫೋನು ಬಂತು.

"ಶ್ರಾವಣದ್ದು ತಪ್ಪೇದ. ಮರುದಿನಕ್ಕ ಹಾಕು."

ಅವರ ಜೊತೆ ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ. "ನಾ ಹಾಕ್ತಿದ್ದೆ ರೀ. ಕಂಪ್ಯೂಟರ್ ಒಪ್ಪವಲ್ತು" ಎಂದೆ.



"ಕಂಪ್ಯೂಟರ್ ಒಪ್ಪವಲ್ತ?"

"ಇಲ್ರಿ. ಲಿನಕ್ಸ್ ಅಂತ ಹೊಸಾದು ಹಾಕೇವಿ."

"ಹಂಗಿದ್ರ ಏನ್ ಮಾಡ್ಲಿಕ್ಕಾಗ್ತದ, ಬಿಡು."

ಪಿಡಿಎಫನ್ನೇ ಅಚ್ಚಿಗೆ ಕೊಟ್ಟು ಎದುರಿನ ಹೋಟೆಲಿನಲ್ಲಿ ಚಹಾ ಕುಡಿದೆ. ಅಷ್ಟು ನೆಮ್ಮದಿಯ ಚಹಾ ಎಷ್ಟೋ ವರ್ಷಗಳಿಂದ ಕುಡಿದಿರಲಿಲ್ಲ. ಪಿಡಿಎಫ್ ವಿಂಡೋಸಿನಲ್ಲೂ ಆಗುತ್ತದೆಂದು ಆಮೇಲೆ ತಿಳಿಯಿತು. ಅದನ್ನು ಹಾನಗಲ್ಲಿಗೆ ಹೇಳಿಲ್ಲ.

ಹಾಳೆ ಯುಗಾದಿಗೆ ಮೊದಲು ಎಲ್ಲ ಮನೆಗಳಿಗೂ ಮುಟ್ಟಿತು. ಹಾನಗಲ್ಲಿನ ಹಿರಿಯರು ಶ್ರಾವಣದ ಏಕಾದಶಿಯನ್ನು ಮರುದಿನವೇ ಮಾಡಿದರು.