ಅವರೆಕಾಯಿಯ ಮೊರ

ಮಾದೇಶ, ಗೌರಿ, ಕೊಳ್ಳೇಗಾಲದ ಅಕ್ಕಾವರ ಬೆರಳುಗಳು ನಿಮಗೆ ನೆನಪಿವೆಯೇ? ತುದಿಗಳೆಲ್ಲ ಬೆಳ್ಳಗೆ, ನೀರಲ್ಲೇ ಇದ್ದಂತೆ ಸುಕ್ಕುಗಟ್ಟಿರುತ್ತಿದ್ದವು. ಹರೆಯದಲ್ಲಿ ಕುದಿನೀರಿಗೆ ಕೈಹಾಕಿ ರೇಷ್ಮೆಗೂಡಿನಿಂದ ನೂಲು ತೆಗೆದವರು ಅವರು. ಆಮೇಲೆ ನೇಕಾರರ ಬೀದಿಯ ತಮ್ಮ ಮನೆಯಲ್ಲೇ, ಅಕ್ಕಪಕ್ಕದವರನ್ನು ಕೂಡಿಕೊಂಡು, ಇಲ್ಲದವರ ಮಕ್ಕಳ ಊಟ, ಪುಸ್ತಕ, ಔಷಧಿ ನೋಡಿಕೊಳ್ಳುತ್ತಿದ್ದರು.

ನಾನು ಮೊದಲ ಸಲ ಅಲ್ಲಿಗೆ ಹೋದಾಗ ನಿಮ್ಮಮ್ಮ ಕ್ಷಯ ಹಿಡಿದು ಮೈಸೂರಿನ ಆಸ್ಪತ್ರೆಯಲ್ಲಿದ್ದಳು. ನಿಮ್ಮಪ್ಪ ಅವಳ ಜೊತೆಗಿದ್ದ. ನಿಮ್ಮ ತಾತ, ನನ್ನ ಯಜಮಾನರು, ತೀರಿಕೊಂಡು ವರ್ಷ ತುಂಬಿರಲಿಲ್ಲ. ಮನೆಯಲ್ಲಿ ರಾಗಿ ಮುಗಿದಿತ್ತು. ನಿಮ್ಮಿಬ್ಬರನ್ನು ಕರೆದುಕೊಂಡು ಹನೂರಿನಲ್ಲಿ ಬಸ್ ಹತ್ತುವಾಗ ಪಕ್ಕದ ಮನೆಯವಳು ಹೆದರಿಸಿದಳು: "ಓಗ್ಬ್ಯಾಡ ಕಣಕ್ಕ. ಅವ್ರು ಮಕ್ಕಳ್ನ ಹಾಸ್ಟೆಲ್‌ಗೆ ಸೇರಿಸ್ಬುಡ್ತಾರೆ. ಆಮೇಲೆ ಕೊಡಾಕಿಲ್ಲ."

ದಾರಿಯುದ್ದಕ್ಕೂ ಅದೇ ಯೋಚನೆ. ನಿಮ್ಮಮ್ಮ ಬಂದು ಮಕ್ಕಳೆಲ್ಲಿ ಎಂದು ಕೇಳಿದರೆ? ಅಕ್ಕಾವರ ಬಾಗಿಲಲ್ಲಿ ನಿಂತೆ. ನಿಮ್ಮಿಬ್ಬರ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಮಾದೇಶ ಅಳತೊಡಗಿದ.

ಅಕ್ಕಾವರು ಹೊರಬಂದು ಅವನ ಕೆಂಪಾದ ಮಣಿಕಟ್ಟು ನೋಡಿದರು. ಏನೂ ಕೇಳದೆ ಮೊರದ ತುಂಬ ಅವರೆಕಾಯಿ ತಂದು ನನ್ನ ಮುಂದಿಟ್ಟರು.

"ಕುಂತ್ಕ ತಾಯಿ. ಸಾರಿಗೆ ವಸಿ ಬುಡಿಸ್ಕೊಡು."

ಕಾಯಿ ಬಿಡಿಸಲು ಎರಡೂ ಕೈ ಬೇಕಲ್ಲ. ನಿಮ್ಮನ್ನು ಬಿಟ್ಟೆ. ಬಿಟ್ಟದ್ದೇ ತಡ, ಒಳಮನೆಯ ಮಕ್ಕಳ ಗದ್ದಲದ ಕಡೆಗೆ ಓಡಿದಿರಿ. ಮೋಸಹೋದೆನೆಂದುಕೊಂಡೆ. ಕಾಳನ್ನು ನೆಲಕ್ಕೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತಿದ್ದೆ.

"ಏನವ್ವ, ಇವತ್ತು ನಮ್ಗೆ ಸಿಪ್ಪೆ ಸಾರಾ?" ಎಂದು ಅವರು ನಕ್ಕರು.

ನಾನು ತಲೆ ಎತ್ತದೆಯೇ ಕೇಳಿದೆ. "ಅಕ್ಕಾವ್ರೇ, ಮಕ್ಕಳ್ನ ವಾಪಸ್ ಕೊಡ್ತೀರಾ? ಇವ್ರಮ್ಮ ಆಸ್ಪತ್ರೇಲವ್ಳೆ, ಬಂದು ಕೇಳುದ್ರೆ ಏನ್ ಯೋಳ್ಲಿ?"

ಅವರ ನಗು ನಿಂತಿತು. "ಅಯ್ಯೋ, ಇದಾ ನಿನ್ ಭಯ! ನಿನ್ ಮೊಮ್ಮಕ್ಳು ನಿನ್ ಮಡ್ಲಲ್ಲೇ ಇರ್ಲಿ ಕಣವ್ವ. ಉಂಡ್ಕಂಡು ನಿನ್ ಜೊತೇಲೇ ಬಸ್ ಹತ್ತವೆ. ಅವ್ರಮ್ಮ ಬರೋಗಂಟ ಅಕ್ಕಿ ರಾಗಿ ನಾವೇ ತಕಂಡ್ ಬತ್ತೀವಿ."

ಹಾಗೆಯೇ ಬಂದರು, ನಿಮ್ಮಮ್ಮ ಎದ್ದು ಮನೆ ಸೇರುವವರೆಗೂ. ಅಂದು ಯಾಕೆ ಏನೂ ಕೇಳಲಿಲ್ಲವೆಂದು ಒಮ್ಮೆ ವಿಚಾರಿಸಿದೆ. "ಎಳೆ ತಾನಾಗಿ ಸಿಕ್ಬೇಕು. ಗೂಡ್ನ ಕಿತ್ರೆ ನೂಲು ಬರಾಕಿಲ್ಲ," ಎಂದರು.

ಕಳೆದ ಅವರೆಕಾಯಿ ಕಾಲದಲ್ಲಿ ಅಕ್ಕಾವರು ಹೋಗಿಬಿಟ್ಟರು. ವಾರಕ್ಕೊಮ್ಮೆ ಈಗ ಅವರ ಮನೆಯ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕೂರುವವಳು ನಾನು. ಮಕ್ಕಳ ಕೈಯನ್ನು ಬಿಗಿಯಾಗಿ ಹಿಡಿದು ಯಾರಾದರೂ ಬಾಗಿಲಿಗೆ ಬಂದರೆ ಇವತ್ತಿಗೂ ನನಗೆ ಆ ದಿನ ಕಣ್ಣಿಗೆ ಕಟ್ಟುತ್ತದೆ. ನಾನೂ ಏನೂ ಕೇಳುವುದಿಲ್ಲ. ಮೊರವನ್ನು ಮಾತ್ರ ಒಳಬಾಗಿಲಿಗೆ ಎದುರಾಗಿ ಇಡುತ್ತೇನೆ. ಅಲ್ಲಿ ಕೂತರೆ ಉಣ್ಣುವ ಮಕ್ಕಳು ಕಣ್ಣಿಗೆ ಕಾಣುತ್ತಾರೆ.

ಈ ಹಾಳೆಗಳನ್ನು ನಿಮ್ಮಮ್ಮನ ಸೀರೆ ಟ್ರಂಕಿನಲ್ಲಿ ಜೋಪಾನವಾಗಿಡಿ, ಮಕ್ಕಳೇ. ಅಕ್ಕಾವರ ಫೋಟೋ ಒಂದೂ ನಮ್ಮಲ್ಲಿಲ್ಲ.